ಒಂದೊಂದು ಮುರಕಲ್ಲಿನ ಮೇಲೂ ನನ್ನ ಸಹಿ: ಒಂದು ಆಪ್ತಸಲಹೆ ಪ್ರಕರಣ

ಜೂನ್ ಮೊದಲ ವಾರ. ಉಡುಪಿಯಲ್ಲಿ ಮಳೆ ಹಿಡಿದು ಮೂರು ದಿನ ಆಗಿತ್ತು. ಅಜ್ಜರಕಾಡಿನ ಹತ್ತಿರದ ನನ್ನ ಸಣ್ಣ ಕೋಣೆಗೆ ಒಬ್ಬರು ಒದ್ದೆ ಕೊಡೆ ಹಿಡಿದುಕೊಂಡು ಬಂದರು. ಕೂತವರೇ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ಯಾರದ್ದೋ ವಾಟ್ಸಾಪ್ ಸ್ಟೇಟಸ್‌ನಿಂದ ತೆಗೆದಿಟ್ಟುಕೊಂಡದ್ದು. ಹಿಂದೆ ಯಕ್ಷಗಾನದ ರಂಗಸ್ಥಳ. ಮುಂದೆ ಕುರ್ಚಿಯಲ್ಲಿ ಮೂವರು ಗಂಡಸರು, ಕೈಯಲ್ಲಿ ಚಹಾದ ಲೋಟ.

“ಇದರಲ್ಲಿ ಎಷ್ಟು ಜನ ಕಾಣ್ತಾರೆ ಮೇಡಂ?”

“ಮೂರು ಜನ.”

“ನಾವು ನಾಲ್ಕು ಜನ. 22 ವರ್ಷದಿಂದ.”

ಅಷ್ಟು ಹೇಳಿ ಅವರು ಕಿಟಕಿ ಕಡೆ ತಿರುಗಿದರು. 43 ವರ್ಷದ ಗಂಡಸು. ಕಣ್ಣು ತುಂಬಿದ್ದು ನನಗೆ ಕಾಣಬಾರದು ಅಂತ ಕಷ್ಟಪಡುತ್ತಿದ್ದರು. ಗಂಡ ಹೆಂಡತಿ ಜಗಳಕ್ಕೆ ನನ್ನ ಹತ್ತಿರ ಬರುತ್ತಾರೆ, ಮಕ್ಕಳ ಮಾರ್ಕಿಗೆ ಬರುತ್ತಾರೆ. ಸ್ನೇಹಿತರು ದೂರವಾದರು ಎಂದು ಬರುವ ಗಂಡಸರು ತೀರಾ ಕಡಿಮೆ. ಬಂದದ್ದಕ್ಕೇ ನನಗೆ ಅವರ ಮೇಲೆ ಗೌರವ ಹುಟ್ಟಿತು.

ಅವರನ್ನು ಇಲ್ಲಿ ದಿವಾಕರ ಎಂದು ಕರೆಯುತ್ತೇನೆ. ಹೆಸರು, ಕೆಲಸ, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ಅವರು ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡುವವರು. ಗೆಳೆಯರು ಮೂವರೂ ಕಾಲೇಜಿನವರು. ಒಬ್ಬರು ಹೈಸ್ಕೂಲ್ ಮಾಷ್ಟ್ರು, ಒಬ್ಬರು ಮಲ್ಪೆಯಲ್ಲಿ ಕೆಲಸ ಮಾಡುವವರು, ಇನ್ನೊಬ್ಬರು ಹೋದ ವರ್ಷವಷ್ಟೇ ಮನೆ ಕಟ್ಟಿದವರು.

ಈ ನಾಲ್ವರಿಗೆ ಒಂದು ಪದ್ಧತಿ ಇತ್ತು. ಪತ್ತನಾಜೆಗೆ ಮೊದಲು ಒಂದು ರಾತ್ರಿಯ ಆಟಕ್ಕೆ, ಅಂದರೆ ಯಕ್ಷಗಾನಕ್ಕೆ, ಒಟ್ಟಿಗೆ ಹೋಗುವುದು. ಪತ್ತನಾಜೆ ಅಂದರೆ ತುಳು ತಿಂಗಳು ಬೇಶದ ಹತ್ತನೇ ದಿನ, ಮೇ 24ರ ಸುಮಾರಿಗೆ ಬರುತ್ತದೆ. ಆಗ ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಕಾರು ಯಾವಾಗಲೂ ದಿವಾಕರರದ್ದು. ಚಹಾ, ಗೋಳಿಬಜೆ, ಚರುಮುರಿ ಎಲ್ಲದರ ಖರ್ಚೂ ಅವರದ್ದೇ. ಈ ಸಲ ಮೂವರೂ ಅವರಿಗೆ ಹೇಳದೆ ಹೋಗಿದ್ದರು.

“ನಾನು ಇವರಿಗೆ ಎಂತ ಕಡಿಮೆ ಮಾಡಿದ್ದೇನೆ ಮೇಡಂ?” ಅಂತ ಕೇಳಿದರು. ಆಮೇಲೆ ಒಂದೇ ಉಸಿರಿಗೆ ಹೇಳುತ್ತಾ ಹೋದರು. ಮಾಷ್ಟ್ರ ಮಗಳ ಕಾಲೇಜು ಸೀಟಿಗೆ ಓಡಾಡಿದ್ದು. ಮಲ್ಪೆಯ ಗೆಳೆಯನಿಗೆ ಮೀನುಗಾರಿಕೆ ನಿಷೇಧದ ಎರಡು ತಿಂಗಳಲ್ಲಿ ಕೈಸಾಲ ಕೊಟ್ಟದ್ದು. ಮನೆ ಕಟ್ಟಿದವರ ಸೊಸೈಟಿ ಸಾಲಕ್ಕೆ ಜಾಮೀನು ನಿಂತದ್ದು.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊಳಹಳ್ಳಿ ಶಿವರಾಯರಂಥವರು ಸಹಕಾರಿ ಸಂಘಗಳನ್ನು ಬೆಳೆಸಿದ ಕರಾವಳಿ ಇದು. ಸೊಸೈಟಿ ಸಾಲಕ್ಕೆ ಒಬ್ಬರಿಗೊಬ್ಬರು ಸಹಿ ಹಾಕುವುದು ಇಲ್ಲಿ ದಿನಬಳಕೆಯ ವಿಷಯ. ಆದರೆ ಅದು ಸಣ್ಣ ಉಪಕಾರವೇನಲ್ಲ. ದಿವಾಕರರೇ ನನಗೆ ವಿವರಿಸಿದರು: “1872ರ ಕರಾರು ಕಾಯ್ದೆ, 128ನೇ ಕಲಂ. ಸಾಲ ತೆಗೆದವನ ಹೊಣೆ ಎಷ್ಟೋ, ಜಾಮೀನು ಹಾಕಿದವನದ್ದೂ ಅಷ್ಟೇ. ಅವನು ಕಟ್ಟದಿದ್ದರೆ ನನ್ನ ಸಂಬಳಕ್ಕೆ ಬರ್ತದೆ.” ಅವರು ಹೇಳಿದ್ದು ಸರಿ. ಅವರ ಸಹಾಯ ನಿಜವಾದದ್ದು, ಅಪಾಯವೂ ನಿಜವಾದದ್ದು. ಅದನ್ನು ನಾನು ಅವತ್ತೇ ಬಾಯಿ ಬಿಟ್ಟು ಹೇಳಿದೆ.

ಮೂರು ವಾರದಿಂದ ಅವರಿಗೆ ನಿದ್ದೆ ಇರಲಿಲ್ಲ. ಊಟ, ಕೆಲಸ, ಬದುಕು ಬೇಡ ಅನ್ನಿಸುವ ಯೋಚನೆ, ಎಲ್ಲವನ್ನೂ ನೇರವಾಗಿ ಕೇಳಿದೆ. ಅಂಥ ಅಪಾಯ ಕಾಣಲಿಲ್ಲ. ಆದರೂ ರಾತ್ರಿ ಎರಡು ಗಂಟೆಗೆ ಮನಸ್ಸು ತಡೆಯದಿದ್ದರೆ ಅಂತ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅವರು ಇನ್ನೂ ನೋವು ಹೇಳಿಕೊಳ್ಳುತ್ತಿದ್ದಾಗಲೇ “ನಿಮ್ಮ ಕಡೆಯಿಂದ ಏನಾದ್ರೂ ಆಗಿರಬಹುದಾ?” ಅಂತ ಕೇಳಿಬಿಟ್ಟೆ. ಅವರ ಮುಖ ಮುಚ್ಚಿಕೊಂಡಿತು. “ನೀವೂ ಅವರ ಕಡೆಯಾ?” ಅಂದರು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ನೋವಿನಲ್ಲಿರುವವರಿಗೆ ಅವರ ತಪ್ಪನ್ನು ತೋರಿಸಲು ಹೋದರೆ ಅವರು ತಪ್ಪನ್ನು ನೋಡುವುದಿಲ್ಲ, ತೋರಿಸಿದವರ ಬೆರಳನ್ನು ನೋಡುತ್ತಾರೆ. ಇದು ನನಗೆ ಗೊತ್ತಿದ್ದ ವಿಷಯ. ಆದರೂ ಅವಸರ ಮಾಡಿದೆ. ತುಳುವಿನ ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಸಂಜೆ ಅವರಾಗಿಯೇ ಫೋನ್ ಮಾಡಿ ಬಂದಾಗ ಮೊದಲು ಕ್ಷಮೆ ಕೇಳಿದೆ. ಆ ದಿನ ಪೂರ್ತಿ ಅವರು ಮಾತಾಡಿದರು, ನಾನು ಕೇಳಿದೆ.

ಅದರ ಮುಂದಿನ ಸಲ ಒಂದು ನೋಟ್‌ಬುಕ್ ಕೊಟ್ಟೆ. ಅವರು ಲೆಕ್ಕದವರು, ಪುಸ್ತಕ ಕಂಡರೆ ಕೈ ಹಗುರವಾಗುತ್ತದೆ. ಎಡಗಡೆ, ಗೆಳೆಯರಿಗೆ ನೀವು ಮಾಡಿದ್ದು ಬರೆಯಿರಿ ಎಂದೆ. ಹತ್ತು ನಿಮಿಷದಲ್ಲಿ 31 ಸಾಲು ಬಂತು. ಕೆಲವದಕ್ಕೆ ತಾರೀಕು, ಮೊತ್ತ ಕೂಡ ಇತ್ತು. ಬಲಗಡೆ, ಅವರು ನಿಮಗೆ ಮಾಡಿದ್ದು ಬರೆಯಿರಿ ಎಂದೆ. ಪೆನ್ ನಿಂತಿತು. ತುಂಬ ಹೊತ್ತಾದ ಮೇಲೆ ಎರಡು ಸಾಲು ಬರೆದರು.

“ಕಂಡಿರಾ ಮೇಡಂ? 31ಕ್ಕೆ 2.”

“ಅವರು ಮಾಡಲಿಲ್ಲವಾ, ನೀವು ಮಾಡಲು ಬಿಡಲಿಲ್ಲವಾ?”

ಈ ಸಲ ಅವರಿಗೆ ಸಿಟ್ಟು ಬರಲಿಲ್ಲ. “ಅದೆಂತ ಪ್ರಶ್ನೆ?” ಅಂದರು. ಆದರೆ ಪುಸ್ತಕವನ್ನು ಮನೆಗೆ ತೆಗೆದುಕೊಂಡು ಹೋದರು.

ಅವತ್ತು ಅವರಿಗೆ ಒಂದು ಪ್ರಯೋಗದ ಕಥೆ ಹೇಳಿದ್ದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಗರೆಟ್ ಕ್ಲಾರ್ಕ್ 1984ರಲ್ಲಿ ಪ್ರಕಟಿಸಿದ್ದು. ಇಬ್ಬಿಬ್ಬರನ್ನು ಸೇರಿಸಿ, ಅಂಕೆಗಳಿಂದ ತುಂಬಿದ ಹಾಳೆಯಲ್ಲಿ ಕೆಲವು ಅಂಕೆಗಳನ್ನು ಹುಡುಕಿ ಗುರುತು ಹಾಕುವ ಕೆಲಸ ಕೊಟ್ಟರು. ಬಹುಮಾನ ಇಬ್ಬರಿಗೂ ಸೇರಿ. ಮೊದಲನೆಯವರು ಒಂದು ಬಣ್ಣದ ಪೆನ್ನಿನಲ್ಲಿ ಬರೆದಾಗಿದೆ. ಎರಡನೆಯವರು ಅದೇ ಬಣ್ಣ ತೆಗೆದುಕೊಳ್ಳಬಹುದು, ಬೇರೆಯದೂ ತೆಗೆದುಕೊಳ್ಳಬಹುದು. ಬೇರೆ ಬಣ್ಣ ತೆಗೆದುಕೊಂಡರೆ ಯಾರು ಎಷ್ಟು ಮಾಡಿದರು ಅಂತ ಆಮೇಲೆ ಲೆಕ್ಕ ಹಾಕಬಹುದಲ್ವಾ? ಗುರುತಿಲ್ಲದವರು ಬೇರೆ ಬಣ್ಣ ಆರಿಸಿದ್ದೇ ಜಾಸ್ತಿ. ಗೆಳೆಯರು ಹಾಗೆ ಮಾಡಲಿಲ್ಲ. ದಿವಾಕರರು ಇದನ್ನು ಕೇಳಿ ತಮ್ಮ ಕೈಯಲ್ಲಿದ್ದ ಪೆನ್ನನ್ನು ಒಮ್ಮೆ ನೋಡಿಕೊಂಡರು.

ಐದನೇ ಭೇಟಿ ನನಗೆ ಮರೆಯುವುದಿಲ್ಲ. ಬಂದವರು ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟರು. ಬಲಗಡೆ ಇನ್ನೂ ನಾಲ್ಕು ಸಾಲು ಬಂದಿತ್ತು. ಅದರಲ್ಲಿ ಒಂದು: “ಮಲ್ಪೆ ಮನೆಯ ಅಮ್ಮ. ಗಂಜಿ, ಮೀನು ಸಾರು.” ಕಾಲೇಜಿನ ದಿನಗಳಲ್ಲಿ ಮಧ್ಯಾಹ್ನ ಊಟಕ್ಕೆ ದುಡ್ಡಿಲ್ಲದೆ ಇವರು ಲೈಬ್ರರಿಯಲ್ಲಿ ಕೂರುತ್ತಿದ್ದರಂತೆ. ಮಲ್ಪೆಯ ಗೆಳೆಯ ಏನೂ ಕೇಳದೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಮನೆಗೆ ಕರೆದುಕೊಂಡು ಹೋಗುತ್ತಿದ್ದ. ವಾರಕ್ಕೆ ಎರಡು ಮೂರು ಸಲ, ಒಂದು ವರ್ಷ.

“ಇದು ನೆನಪೇ ಇರಲಿಲ್ಲವಾ?” ಅಂತ ಕೇಳಿದೆ.

“ನೆನಪಿತ್ತು. ನೆನಪು ಮಾಡಿಕೊಳ್ಳಲು ನನಗೆ ಆಗ್ತಿರಲಿಲ್ಲ.”

ಆಮೇಲೆ ನಿಧಾನವಾಗಿ ಹೇಳಿದರು. ಅವರ ಅಪ್ಪನಿಗೆ ಊರಿನ ದಿನಸಿ ಅಂಗಡಿಯಲ್ಲಿ ಸಾಲ ಇತ್ತು. ದಿವಾಕರರಿಗೆ ಹನ್ನೆರಡು ವರ್ಷ ಇದ್ದಾಗ ಒಂದು ಬೆಳಿಗ್ಗೆ ಅಕ್ಕಿ ತರಲು ಹೋಗಿದ್ದರು. ಅಂಗಡಿಯವರು ಪುಸ್ತಕ ಬಿಡಿಸಿ ಅಪ್ಪನ ಸಾಲವನ್ನು ತಿಂಗಳು ತಿಂಗಳು ಹಿಡಿದು ಗಟ್ಟಿಯಾಗಿ ಓದಿದರು. ಜಗಲಿಯಲ್ಲಿ ಆರೇಳು ಜನ ಕೂತಿದ್ದರು. ಹುಡುಗ ಖಾಲಿ ಚೀಲ ಹಿಡಿದು ನಿಂತಿದ್ದ. “ಇನ್ನು ಯಾರ ಹತ್ತಿರವೂ ಏನೂ ತೆಕ್ಕೊಳ್ಳುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದ್ದು,” ಅಂದರು.

ನಾನು ಏನೂ ಹೇಳಲಿಲ್ಲ. ಹೊರಗೆ ಮಳೆ ಜೋರಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಂದುವರಿಸಿದರು.

“ಅಂಗಡಿಯವರು ಸುಳ್ಳೇನೂ ಹೇಳಿದ್ದಲ್ಲ ಮೇಡಂ. ಇದ್ದ ಸಾಲವನ್ನೇ ಓದಿದ್ದು.” ಮತ್ತೆ ಸುಮ್ಮನಾದರು. “ಒಕ್ಕಲಿನ ದಿನ ನಾನು ಹೇಳಿದ್ದೂ ಸುಳ್ಳಲ್ಲ.”

ಯಾವ ಒಕ್ಕಲು ಅಂತ ಕೇಳಿದೆ. ಗೆಳೆಯನ ಮನೆ ಒಕ್ಕಲು, ಅಂದರೆ ಗೃಹಪ್ರವೇಶ, ಹೋದ ಡಿಸೆಂಬರಿನಲ್ಲಿ. ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಯಾರೋ ಮನೆ ಚೆನ್ನಾಗಿದೆ ಎಂದರು. ದಿವಾಕರರು ನಗುತ್ತಾ, ಎಲ್ಲರಿಗೂ ಕೇಳುವಂತೆ, “ಚೆನ್ನಾಗಿರದೆ ಎಂತ! ಒಂದೊಂದು ಮುರಕಲ್ಲಿನ ಮೇಲೂ ನನ್ನ ಸಹಿ ಉಂಟು ಮಾರಾಯ್ರೆ” ಅಂದಿದ್ದರು. ಮುರಕಲ್ಲು ಅಂದರೆ ಇಲ್ಲಿ ಮನೆ ಕಟ್ಟುವ ಕೆಂಪು ಕಲ್ಲು. ಎಲ್ಲರೂ ನಕ್ಕರು. ಪಾಯಸ ಬಡಿಸುತ್ತಿದ್ದ ಗೆಳೆಯನೂ ನಕ್ಕ.

“ಅವನು ನಕ್ಕಿದ್ದನಲ್ಲ ಮೇಡಂ. ಹಾಗಾಗಿ ನನಗೆ ಗೊತ್ತೇ ಆಗಲಿಲ್ಲ.”

ಇಲ್ಲಿ ಓದುಗರ ಹತ್ತಿರ ಒಂದು ಮಾತು. ಗೆಳೆಯರ ನಡುವಿನ ಕೆಟ್ಟ ಅಭ್ಯಾಸಗಳು ನಮಗೆ ಕಾಣದಿರಲು ದೊಡ್ಡ ಕಾರಣ ಈ ನಗು. ಮನೆಯವರು ಬೈಯುತ್ತಾರೆ, ಆಫೀಸಿನಲ್ಲಿ ಮೆಮೊ ಕೊಡುತ್ತಾರೆ. ಗೆಳೆಯರು ನಕ್ಕು ಸುಮ್ಮನಿರುತ್ತಾರೆ. ಆಮೇಲೆ ಫೋನ್ ಕಡಿಮೆಯಾಗುತ್ತದೆ. ಇನ್ನೂ ಆಮೇಲೆ ಒಂದು ದಿನ ಮೂರೇ ಜನ ಆಟಕ್ಕೆ ಹೋಗುತ್ತಾರೆ. 1955ರಲ್ಲಿ ಜೋಸೆಫ್ ಲಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ನಾಲ್ಕು ಮನೆಗಳ ಒಂದು ಚಿತ್ರ ಮಾಡಿದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಅದಕ್ಕೆ ಜೋಹರಿ ಕಿಟಕಿ ಅಂತ ಹೆಸರು. ಅದರ ಒಂದು ಮನೆಯಲ್ಲಿ, ಬೇರೆಯವರಿಗೆ ಗೊತ್ತಿದ್ದು ನಮಗೆ ಮಾತ್ರ ಗೊತ್ತಿಲ್ಲದ ನಮ್ಮ ಗುಣಗಳಿರುತ್ತವೆ. ಎಷ್ಟು ಯೋಚನೆ ಮಾಡಿದರೂ ಆ ಮನೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಯಾರನ್ನಾದರೂ ಕೇಳಲೇಬೇಕು.

ಹಾಗಾಗಿ ಕೇಳಲು ಹೇಳಿದೆ. ಯಾರನ್ನು? ಸಿಟ್ಟಿನಲ್ಲಿರುವವರನ್ನಲ್ಲ, ಇವರ ಮುಖ ನೋಡಿ ಸಿಹಿ ಮಾತಾಡುವವರನ್ನೂ ಅಲ್ಲ. ಮೂವರಲ್ಲಿ ಯಾರು ಕಷ್ಟದ ಮಾತನ್ನು ಮೆತ್ತಗೆ ಹೇಳಬಲ್ಲರು ಅಂತ ಕೇಳಿದಾಗ ಮಾಷ್ಟ್ರು ಎಂದರು. ಪ್ರಶ್ನೆಯನ್ನು ನಾವಿಬ್ಬರೂ ಕೂತು ಮಾಡಿದೆವು. ಅವರು ಮೊದಲು ಬರೆದದ್ದು “ನಾನೇನಾದ್ರೂ ತಪ್ಪು ಮಾಡಿದ್ದೇನಾ?” ಅಂತ. ಹಾಗೆ ಕೇಳಿದರೆ ಯಾರಾದರೂ “ಛೆ, ಇಲ್ಲ ಮಾರಾಯ” ಅಂತಲೇ ಹೇಳುತ್ತಾರೆ. ಬದಲಿಸಿ ಬದಲಿಸಿ ಕೊನೆಗೆ ಹೀಗಾಯಿತು: “ನನ್ನ ಜೊತೆ ಇರುವಾಗ ನಿಮಗೆ ಯಾವುದು ಕಷ್ಟ ಆಗ್ತದೆ?” ಕಷ್ಟ ಆಗುತ್ತದೆ ಅನ್ನುವುದನ್ನು ಒಪ್ಪಿಕೊಂಡೇ ಕೇಳುವ ಪ್ರಶ್ನೆ ಇದು. ಇನ್ನೊಂದು ಷರತ್ತು ಹಾಕಿದೆ. ಮಾಷ್ಟ್ರು ಹೇಳುವಾಗ ನಡುವೆ ವಿವರಣೆ ಕೊಡಬಾರದು. “ನಾನು ಹಾಗಲ್ಲ, ಆ ದಿನ ಆದದ್ದು ಎಂತ ಅಂದ್ರೆ” ಎಂದು ಶುರು ಮಾಡಿದರೆ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಕೇಳಿ, “ಹೇಳಿದ್ದು ಒಳ್ಳೇದಾಯ್ತು” ಅಂದು ಮನೆಗೆ ಬನ್ನಿ. ಬೇಜಾರಾದರೆ ನನ್ನ ಹತ್ತಿರ ಹೇಳಿ, ಅವರ ಹತ್ತಿರ ಬೇಡ.

ಮಣಿಪಾಲದಲ್ಲಿ ಎಂಡ್ ಪಾಯಿಂಟ್‌ನ ಕಲ್ಲುಬೆಂಚಿನ ಮೇಲೆ ಕೂತು ಕೇಳಿದರಂತೆ. ಮಾಷ್ಟ್ರು ಮೊದಲು ಮಾತು ಹಾರಿಸಿದರು. ಆಮೇಲೆ ಮೂರು ವಿಷಯ ಹೇಳಿದರು.

ಒಂದು, ಆಟ. “ನೀನು ಪ್ರತಿ ವರ್ಷ ಎರಡು ಗಂಟೆಗೆ ‘ನಾಳೆ ಕೆಲಸ ಉಂಟು, ಹೊರಡುವ’ ಅಂತಿ. ಕಾರು ನಿನ್ನದು, ನಾವು ಏಳ್ತೇವೆ. 22 ವರ್ಷದಲ್ಲಿ ನಾವು ಒಂದು ಸಲವೂ ಆಟ ಮುಗಿಯುವಾಗಿನ ಮಂಗಳ ನೋಡಿಲ್ಲ. ಈ ಸಲ ಬೈಕಿನಲ್ಲಿ ಹೋಗಿ ಬೆಳಗಿನವರೆಗೆ ಕೂತೆವು.”

ಎರಡು, ಒಕ್ಕಲಿನ ಮಾತು. ಅವತ್ತು ರಾತ್ರಿ ಗೆಳೆಯನ ಮಾವ ಎಲ್ಲರ ಎದುರು ಕೇಳಿದರಂತೆ, “ಮನೆ ನಿಮ್ಮದಾ, ಆ ಜನದ್ದಾ?” ಅಂತ. ಗೆಳೆಯ ಅದನ್ನು ಮಾಷ್ಟ್ರ ಹತ್ತಿರ ಒಂದೇ ಸಲ ಹೇಳಿದ್ದ. ಆಮೇಲೆ ಆ ಸುದ್ದಿ ಎತ್ತಲಿಲ್ಲ.

ಮೂರನೆಯದನ್ನು ದಿವಾಕರರು ನಿರೀಕ್ಷೆ ಮಾಡಿರಲಿಲ್ಲ. ಎರಡು ವರ್ಷದ ಹಿಂದೆ ಅವರ ಅಪ್ಪ ಒಂಬತ್ತು ದಿನ ಐಸಿಯುನಲ್ಲಿದ್ದರು. ಇವರು ಯಾರಿಗೂ ಹೇಳಲಿಲ್ಲ. ತೊಂದರೆ ಕೊಡಬಾರದು ಅಂತ. ಮಾಷ್ಟ್ರು ಕೇಳಿದರು: “ನಮ್ಮ ಮನೆಯ ಎಲ್ಲ ಕಷ್ಟಕ್ಕೂ ನೀನು ಬೇಕು. ನಿನ್ನ ಅಪ್ಪನ ಬಾಗಿಲಲ್ಲಿ ಒಂದು ರಾತ್ರಿ ಕೂರ್ಲಿಕ್ಕೆ ನಾವು ಬೇಡ. ನಾವು ನಿನಗೆ ಯಾರು ಹಾಗಾದ್ರೆ?”

ಇದನ್ನು ನನಗೆ ಹೇಳುವಾಗ ದಿವಾಕರರು ಅತ್ತರು. ಈ ಸಲ ಕಿಟಕಿ ಕಡೆ ತಿರುಗಲಿಲ್ಲ.

ನನಗೆ ಈ ಪ್ರಕರಣದಲ್ಲಿ ಅತಿ ಮುಖ್ಯ ಅನ್ನಿಸುವುದು ಈ ಮೂರನೆಯ ಮಾತೇ. ಸಮಯಕ್ಕೆ ಬಾರದವರು, ಗುಟ್ಟು ಬಿಡುವವರು, ಬೇಕಾದಾಗ ಮಾತ್ರ ಫೋನ್ ಮಾಡುವವರು, ಇವರ ಅಭ್ಯಾಸ ಕೆಟ್ಟದ್ದು ಅಂತ ಯಾರಿಗೂ ಗೊತ್ತಾಗುತ್ತದೆ. ಕೊಡುತ್ತಲೇ ಇದ್ದು ಏನೂ ತೆಗೆದುಕೊಳ್ಳದವರನ್ನು ನಾವು ದೊಡ್ಡ ಮನುಷ್ಯ ಅಂತ ಹೊಗಳುತ್ತೇವೆ. ಆದರೆ ಅವರ ಪಕ್ಕದಲ್ಲಿ ಕೂತವರು ವರ್ಷಗಟ್ಟಲೆ ಸಾಲಗಾರರಾಗಿಯೇ ಇರಬೇಕಾಗುತ್ತದೆ. ತೀರಿಸಲು ದಾರಿ ಇಲ್ಲ. ಅದರ ಮೇಲೆ ಆಗಾಗ ನೆನಪಿಸಿದರೆ ಸ್ನೇಹ ಉಸಿರು ಕಟ್ಟುತ್ತದೆ.

“ಹಾಗಾದ್ರೆ ನಾನು ಕೆಟ್ಟ ಗೆಳೆಯ,” ಅಂದರು ದಿವಾಕರರು. ಆ ಮಾತನ್ನು ನಾನು ಒಪ್ಪಲಿಲ್ಲ. ನಿಮಗೆ ಮೂರು ಕೆಟ್ಟ ಅಭ್ಯಾಸ ಉಂಟು, ಅಷ್ಟೇ ಹೇಳಿ ಎಂದೆ. ‘ನಾನೇ ಕೆಟ್ಟವ’ ಅಂದುಬಿಟ್ಟರೆ ಮುಂದೆ ಮಾಡಲು ಏನೂ ಉಳಿಯುವುದಿಲ್ಲ. ಅಭ್ಯಾಸ ಅಂದರೆ ನಾಳೆ ಬೆಳಿಗ್ಗೆಯಿಂದ ಬದಲಿಸಲು ಏನಾದರೂ ಸಿಗುತ್ತದೆ.

ಕ್ಷಮೆ ಕೇಳಲು ಹೋಗುವಾಗ ಅವರು ಒಂದು ವಾಟರ್ ಫಿಲ್ಟರ್ ತೆಗೆದುಕೊಂಡು ಹೋಗುವವರಿದ್ದರು. ಬರಿಗೈಯಲ್ಲಿ ಹೋಗಿ ಎಂದೆ. ಆದದ್ದನ್ನು ಆದ ಹಾಗೇ ಹೇಳಿ: “ಒಕ್ಕಲಿನ ದಿನ ನಿನ್ನ ಮಾವನ ಎದುರು ಜಾಮೀನಿನ ಮಾತು ಎತ್ತಿದೆ. ನಿನಗೆ ಅವಮಾನ ಮಾಡಿದೆ. ತಪ್ಪಾಯ್ತು.” ‘ತಮಾಷೆಗೆ ಹೇಳಿದ್ದು’ ಅನ್ನುವ ಬಾಲ ಬೇಡ. ‘ನಿನಗೆ ಬೇಜಾರಾಗಿದ್ದರೆ’ ಅನ್ನುವುದೂ ಬೇಡ. ಬೇಜಾರಾಗಿದೆ ಅಂತ ಗೊತ್ತುಂಟಲ್ಲ. ಮತ್ತೆ, ಅವರು ಅಲ್ಲೇ ಕ್ಷಮಿಸಬೇಕು ಅಂತ ಕಾಯಬೇಡಿ. ಜಾಮೀನು ಕಾಗದದಲ್ಲಿ ಉಂಟು, ಅದು ಅಲ್ಲೇ ಇರಲಿ. ಸಾಲ ತೀರುವವರೆಗೆ ಅದರ ಸುದ್ದಿ ನಿಮ್ಮ ಬಾಯಲ್ಲಿ ಬರಬಾರದು.

ಹೋದರು, ಹೇಳಿದರು. ಗೆಳೆಯ “ಆಯ್ತು” ಅಂದ. ಚಹಾ ಕೊಡಲಿಲ್ಲ. ದಿವಾಕರರಿಗೆ ತುಂಬ ನೋವಾಯಿತು. ಹೇಳಿ ಬಂದ ಕೆಲಸ ನಿಮ್ಮದು, ಉಳಿದದ್ದಕ್ಕೆ ಅವರಿಗೆ ಎಷ್ಟು ಸಮಯ ಬೇಕೋ ಅಷ್ಟು ಕೊಡಿ ಎಂದೆ.

ಇದರ ಜೊತೆಗೆ ಇನ್ನೊಂದು ಸಣ್ಣ ಕೆಲಸ ಕೊಟ್ಟಿದ್ದೆ. ವಾರಕ್ಕೆ ಒಂದು ಸಲ ಗೆಳೆಯರ ಹತ್ತಿರ ಏನಾದರೂ ಕೇಳಬೇಕು. ದುಡ್ಡಲ್ಲ, ಸಣ್ಣ ಸಹಾಯ. ಅಮೆರಿಕದ ಹಳೆಯ ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ ಬಗ್ಗೆ ಒಂದು ಪ್ರಸಿದ್ಧ ಸಂಗತಿ ಇದೆ. ಶಾಸನಸಭೆಯಲ್ಲಿ ತನ್ನನ್ನು ವಿರೋಧಿಸುತ್ತಿದ್ದ ಒಬ್ಬರ ಹತ್ತಿರ ಅವರು ಒಂದು ಅಪರೂಪದ ಪುಸ್ತಕವನ್ನು ಎರವಲು ಕೇಳಿದರು. ಓದಿ, ಕೃತಜ್ಞತೆಯ ಚೀಟಿ ಸಮೇತ ವಾಪಸು ಕೊಟ್ಟರು. ಆಮೇಲೆ ಇಬ್ಬರೂ ಗೆಳೆಯರಾದರು. ಕೇಳುವುದು ಎಂದರೆ ನಿನ್ನ ಹತ್ತಿರ ನನಗೆ ಬೇಕಾದದ್ದು ಏನೋ ಉಂಟು ಅಂತ ಹೇಳಿದ ಹಾಗೆ. ದಿವಾಕರರಿಗೆ ಜಾಮೀನು ಹಾಕುವುದಕ್ಕಿಂತ ಇದು ಕಷ್ಟವಾಯಿತು. ಮೊದಲ ವಾರ ಆಗಲೇ ಇಲ್ಲ. ಎರಡನೇ ವಾರ ಮಲ್ಪೆಯ ಗೆಳೆಯನಿಗೆ ಫೋನ್ ಮಾಡಿ, “ಒಳ್ಳೆ ಬಂಗುಡೆ ಬಂದ್ರೆ ತಂದು ಕೊಡ್ತೀಯಾ?” ಅಂದರು. ಗೆಳೆಯ ಒಂದು ಕ್ಷಣ ಸುಮ್ಮನಿದ್ದು, “ನೀನು ಕೇಳುವುದಾ ಮಾರಾಯ!” ಅಂದನಂತೆ. ಸಂಜೆ ಮೀನು ಬಂತು. ದುಡ್ಡು ಕೊಡಲು ಹೋಗಲಿಲ್ಲ ಅಂತ ದಿವಾಕರರು ನನಗೆ ಎರಡೆರಡು ಸಲ ಹೇಳಿದರು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಗೆಳೆಯರು ದೂರ ಮಾಡಿದರು ಎಂದು ಬರುವ ಎಲ್ಲರಿಗೂ ನಾನು ಈ ದಾರಿ ಹೇಳುವುದಿಲ್ಲ. ಕೆಲವರು ಮೊದಲೇ ಎಲ್ಲ ತಪ್ಪನ್ನೂ ತಮ್ಮ ಮೇಲೆ ಹಾಕಿಕೊಂಡು ಬಂದಿರುತ್ತಾರೆ. ಅವರನ್ನು ಹಿಂಸೆ ಮಾಡುವ, ಬಳಸಿಕೊಳ್ಳುವ ಗೆಳೆತನದಲ್ಲಿ ಇದ್ದಿರುತ್ತಾರೆ. ಅಂಥವರ ಕೈಗೆ ಈ ಪುಸ್ತಕ ಕೊಟ್ಟರೆ ಅನ್ಯಾಯ ಆಗುತ್ತದೆ. ಅವರ ಜೊತೆ ಮಾಡುವ ಕೆಲಸ ಪೂರ್ತಿ ಬೇರೆ.

ಏಳನೇ ಭೇಟಿ ಡಿಸೆಂಬರಿನಲ್ಲಿ. ಮೇಳಗಳು ಮತ್ತೆ ಹೊರಟಾಗಿತ್ತು. ದಿವಾಕರರು ಹಿಂದಿನ ವಾರ ಆಟಕ್ಕೆ ಹೋಗಿ ಬಂದಿದ್ದರು. ಕಾರು ಮನೆಯಲ್ಲೇ ಬಿಟ್ಟು, “ನನ್ನನ್ನು ಬೈಕಿನಲ್ಲಿ ಕರ್ಕೊಂಡು ಹೋಗ್ತೀಯಾ?” ಅಂತ ಮಾಷ್ಟ್ರನ್ನು ಕೇಳಿದ್ದರು. ಮಲ್ಪೆಯ ಗೆಳೆಯ ಬಂದಿದ್ದ. ಮನೆ ಕಟ್ಟಿದ ಗೆಳೆಯ ತಡವಾಗಿ ಬಂದು ಆ ಬದಿಯ ಕುರ್ಚಿಯಲ್ಲಿ ಕೂತ. ಇವರ ಹತ್ತಿರ ಹೆಚ್ಚು ಮಾತಿಲ್ಲ. ಆದರೆ ಹನ್ನೆರಡು ಗಂಟೆಗೆ ಎದ್ದು ಹೋಗಿ ನಾಲ್ಕು ಚಹಾ ತಂದ. ದಿವಾಕರರ ಕೈ ತಾನಾಗಿಯೇ ಜೇಬಿಗೆ ಹೋಯಿತಂತೆ. ಹಿಂದೆ ತೆಗೆದುಕೊಂಡರು.

“ಎರಡು ಗಂಟೆಗೆ?” ಅಂತ ಕೇಳಿದೆ.

“ನಿದ್ದೆ ಬರ್ತಿತ್ತು ಮೇಡಂ. ಹೊರಡುವ ಅಂತ ಬಾಯಿಗೆ ಬಂತು. ಹೇಳ್ಲಿಲ್ಲ. ಆಮೇಲೆ ಮಾಷ್ಟ್ರಿಗೇ ನಿದ್ದೆ ಬಂತು. ನನ್ನ ಹೆಗಲ ಮೇಲೆ ತಲೆ ಇಟ್ಟು ಮಲಗಿದ್ರು. ಮಂಗಳ ಆಗುವವರೆಗೆ ನಾನು ಅಲ್ಲಾಡ್ಲಿಲ್ಲ.”